ಕೊಟ್ರ ಕಲರ್ ಟಿವಿ ಸಾಕಿದ್ದು

ಕೊಟ್ರನ ಸುದ್ದಿ ಹೇಳ್ತೀನಿ, ಕೇಳ್ರಿ. ಬಾಯಾಗ ಎಲಿಅಡಿಕಿ ಇದ್ದವರು ಮೊದಲ ಹೋಗಿ ಉಗುಳಿ ಬರ್ರಿ. ಹೋದ ಸಲ ಇದನ್ನ ಹೇಳುವಾಗ ಮುಂದ ಕುಂತವನ ಬಿಳಿ ಅಂಗಿ ಕೆಂಪಾಗಿ, ಕತಿ ಅರ್ಧಕ್ಕ ನಿಂತು ಜಗಳ ಶುರುವಾಗಿತ್ತು.

ಹಿರೇಕಲ್ಲಾಪುರದಾಗ ಹಾಲವ್ವ ಅಂತ ಒಬ್ಬಾಕಿ ಇದ್ಲು. ಆಕಿಗೆ ಒಬ್ಬನ ಮಗ, ಕೊಟ್ರ. ಆಳು ಅಂದ್ರ ಆಳು, ಜೋಳದ ಚೀಲ ಹೆಗಲಿಗೆ ಹಾಕ್ಕೊಂಡು ಹಾಡ ಹೇಳ್ಕೊಂತ ನಡೀತಿದ್ದ. ಊರ ಗಿರಣ್ಯಾಗ ಹಿಟ್ಟು ಬೀಸೂದು ಅವನ ಕೆಲಸ. ಎಲ್ಲಾ ಚಲೋನ, ಒಂದ ತ್ರಾಸು ಏನಂದ್ರ, ಹೇಳಿದ್ದನ್ನ ಹೇಳಿದಂಗ ಮಾಡಾಂವ. ಒಣಗಿದ ಮ್ಯಾಲ ಬಟ್ಟಿ ತಗೀಪಾ ಅಂತ ಹೇಳಿ ಹಾಲವ್ವ ಕೆಲಸಕ್ಕ ಹೋಗಿದ್ಲು. ಮಳಿ ಬಂತು. ಈ ಪುಣ್ಯಾತ್ಮ ಅಂಗಳದಾಗ ನಿಂತು ತೊಯ್ಯೂ ಬಟ್ಟಿ ಮುಟ್ಟಿ ಮುಟ್ಟಿ ನೋಡಿದ. ಇನ್ನಾ ಒಣಗಿಲ್ಲಲ್ಲ ಬೇ, ಹೆಂಗ ತಗೀಲಿ ಅಂತ ಸಂಜಿಗೆ ಅವ್ವನ್ನ ಕೇಳಿದ. ಹಾಲವ್ವ ಹಣಿ ಹಣಿ ಬಡ್ಕೊಂಡ್ಲು. ಆಕಿ ಹಣಿ ಬಡ್ಕೊಳ್ಳದ ಮಲಗಿದ ದಿನ ಇಲ್ಲ.

ಮನ್ಯಾಗ ಇನ್ನೊಂದು ಜೀವ ಇತ್ತು, ಹಾಲವ್ವನ ಅತ್ತಿ, ಸಿದ್ದವ್ವಜ್ಜಿ. ಈ ಅಜ್ಜಿ ಕಡೆ ಒಂದು ಕಲರ್ ಟಿವಿ ಇತ್ತು. ಈಗಿನಂಥಾದ್ದಲ್ಲ. ಕಟ್ಟಿಗಿ ಪೆಟ್ಟಿಗಿ, ಅದಕ್ಕ ನಾಕು ಕಾಲು, ಮುಂದ ಎಡಕ್ಕ ಬಲಕ್ಕ ಸರಿಸೂ ಬಾಗಿಲಾ, ಚಾನೆಲ್ ತಿರುವಾಕ ಕಿವಿ ಅನ್ನೂ ಗುಂಡಿ. ಬಣ್ಣದ ಟಿವಿ ಅನ್ನೂದು ಹೊಸದಾಗಿ ಬಂದಾಗ ಅಜ್ಜ ಅದನ್ನ ಚಕ್ಕಡ್ಯಾಗ ಹಾಕ್ಕೊಂಡು ತಂದಿದ್ದ. ದಿನಾ ಸಂಜಿಗೆ ಗಂಡ ಹೆಂಡತಿ ಅದರ ಮುಂದ ತಾಟು ಹಿಡ್ಕೊಂಡು ಕುಂತು ಊಟ ಮಾಡೋರು. ಅಜ್ಜ ತೀರ್ಕೊಂಡ ಮ್ಯಾಲೂ ಅಜ್ಜಿ ಅಲ್ಲೇ ಕುಂದ್ರಾಕಿ. ಬ್ಯಾರೆ ಕಡೆ ಕುಂತ್ರ ಆಕಿಗೆ ತುತ್ತು ಇಳೀತಿರಲಿಲ್ಲ.

ಒಂದು ದಿನ ಸಿಡ್ಲು ಹೊಡದು ಆ ಟಿವಿ ಸುಟ್ಟು ಕರಕಾತು. ಅಜ್ಜಿ ಅವತ್ತ ಮಲಗಿದಾಕಿ ಏಳಲೇ ಇಲ್ಲ. ಜ್ವರ ಇಲ್ಲ, ಕೆಮ್ಮು ಇಲ್ಲ, ಬರೀ ಊಟ ಬ್ಯಾಡ. ಹುಬ್ಬಳ್ಳಿಯಾಗಿದ್ದ ಮಗಳು ಗ್ವಾಡಿಗೆ ತೂಗಹಾಕೂ ಹೊಸಾ ಟಿವಿ ತಂದು ಕೊಟ್ಲು. ಇದು ಟಿವಿ ಅಲ್ಲ, ಕ್ಯಾಲೆಂಡರ್ ಅಂತ ಹೇಳಿ ಅಜ್ಜಿ ಆ ಕಡೆ ಹೊಳ್ಳಿ ಮಲಗಿದ್ಲು. ಅದ ಆಕಿ ಕಡೀ ಮಾತು. ಆಮ್ಯಾಲ ಮಾತೂ ಬಂದ್. ಚಮಚಾದಾಗ ಗಂಜಿ ಹಾಕಿದ್ರ ಒಂದೀಟು ಇಳೀತಿತ್ತು, ಅಷ್ಟ. ಪಕ್ಕದೂರಿನ ಡಾಕ್ಟರ್ ಬಂದು ನಾಡಿ ಹಿಡದು ನೋಡಿ, ರೋಗ ಏನೂ ಇಲ್ಲ, ಆದ್ರ ಹಿಂಗ ಉಪಾಸ ಬಿದ್ರ ಬಹಳ ದಿನ ಬದುಕೂದಿಲ್ಲ ಅಂತ ಹಾಲವ್ವನ್ನ ಹೊರಗ ಕರದು ಹೇಳಿ ಹೋದ.

ಹಾಲವ್ವಗ ಎದಿ ಒಡದಂಗಾತು. ಗಂಡ ಸತ್ತಾಗ ಕೊಟ್ರ ಇನ್ನಾ ತೊಟ್ಟಿಲದಾಗಿದ್ದ. ಆಕಿನ್ನ ಎಲ್ಲಿಗೂ ಹೋಗಗೊಡದ, ಮಗಳಂಗ ಇಟ್ಕೊಂಡಾಕಿ ಈ ಅತ್ತಿ. ಆ ಅತ್ತಿ ಕಣ್ಮುಂದ ಒಣಗಿ ಹೋಗೂದನ್ನ ನೋಡ್ಕೊಂತ ಕುಂದ್ರೂದು ಆಕಿ ಕೈಲೆ ಆಗಲಿಲ್ಲ. ದಿನಾ ರೊಟ್ಟಿ ಬಡದು ಮುಂದ ಇಡಾಕಿ, ದಿನಾ ತಾಟು ಹಂಗ ಒಳಗ ಬರ್ತಿತ್ತು.

ಅಷ್ಟರಾಗ ಹುಬ್ಬಳ್ಳಿ ನಾದಿನಿ ಫೋನ್ ಮಾಡಿದ್ಲು. ಹಳೇ ಜೂನಾ ಸಾಮಾನಿನ ಅಂಗಡ್ಯಾಗ ಅಂಥಾದ್ದ ಟಿವಿ ಐತಿ, ಅದ ನಾಕು ಕಾಲು, ಅದ ಬಾಗಿಲಾ, ನಾನ ಮಾತಾಡಿ ತಗೊಂಡು ಇಟ್ಟೀನಿ, ಯಾರನ್ನರ ಕಳಿಸು ಅಂದ್ಲು. ಹಾಲವ್ವ ಅತ್ತಿನ್ನ ಬಿಟ್ಟು ಅಷ್ಟು ದೂರ ಹೋಗೂ ಹಂಗಿಲ್ಲ. ಕಳಿಸಾಕ ಇರಾಂವ ಒಬ್ಬನ, ಯಾರು? ಹಾಂ, ಅವನ.

ಮುಂಜಾನೆ ಎದ್ದು ಬುತ್ತಿ ಕಟ್ಟಿ, ತಲಿ ಬಾಚಿ, ಹಾಲವ್ವ ಬುದ್ಧಿ ಹೇಳಿದ್ಲು.

"ಕೊಟ್ರ, ಅದು ಬರೀ ಟಿವಿ ಅಲ್ಲಪಾ, ನಿಮ್ಮಜ್ಜಿ ಜೀವ. ಎತ್ತಿ ಒಗದು ತರಬ್ಯಾಡ. ಹೊಸಾ ಸೊಸಿನ್ನ ಮನಿಗೆ ಕರಕೊಂಡು ಬಂದಂಗ ಕರಕೊಂಡು ಬಾ."

ಹೂಂ ಅಂದ ಕೊಟ್ರ. ಊರಾಗಿನ ಮದುವಿ ಎಲ್ಲಾ ನೋಡ್ಯಾನ, ಸೊಸಿ ತರೂದು ಹೆಂಗಂತ ಅವಗ ಗೊತ್ತಿಲ್ಲೇನು?

ಹುಬ್ಬಳ್ಳ್ಯಾಗ ಟಿವಿಗೆ ಅರಿಷಿಣ ಕುಂಕುಮ ಹಚ್ಚಿದ. ಒಂದು ಮಾಲಿ ಹಾಕಿದ. ಯಾರ ಕಣ್ಣೂ ಬೀಳಬಾರದಂತ ಹೆಗಲ ಮ್ಯಾಲಿನ ಟವೆಲ್ ತಗದು ಸೆರಗಿನಂಗ ಮುಖಕ್ಕ ಇಳಿಬಿಟ್ಟ. ಬಸ್ಸಿನ್ಯಾಗ ಹೆಣ್ಣುಮಕ್ಕಳ ಸೀಟಿನ್ಯಾಗ ಕಿಡಕಿ ಬಾಜೂಕ ಕುಂದ್ರಿಸಿದ. ಕಂಡಕ್ಟರ್ ಬಂದು, ಇದನ್ನ ಬಸ್ಸಿನ ಟಾಪಿಗೆ ಹಾಕಪಾ ಅಂದ. ಮದುಮಗಳನ್ನ ಯಾರರ ಟಾಪಿಗೆ ಹಾಕ್ತಾರೇನ್ರಿ ಅಂತ ಕೊಟ್ರ ಕೇಳಿದ. ಕಂಡಕ್ಟರ್ ಇವನ ಮುಖಾ ನೋಡಿದ, ಇವನ ತೋಳೂ ನೋಡಿದ, ಎರಡು ಟಿಕೀಟ್ ಹರದು ಕೊಟ್ಟು ಸುಮ್ನ ಮುಂದ ಹೋದ. ಊರಾಗ ಇಳದವನು ನೆಟ್ಟಗ ಮನಿಗೆ ಬಂದನೇನು? ಇಲ್ಲ. ಸೊಸಿ ಮೊದಲ ಹನುಮಪ್ಪಗ ಕೈ ಮುಗೀಬೇಕಲ್ಲ. ಗುಡಿ ಮುಂದ ಟಿವಿನ್ನ ಮುಂದಕ್ಕ ಬಗ್ಗಿಸಿ ನಮಸ್ಕಾರ ಮಾಡಿಸಿದ. ಹಣಿ ಕಲ್ಲಿಗೆ ತಾಗಿ ಟಕ್ ಅಂತು.

ಇತ್ತ ಹಾಲವ್ವ ದಾರಿ ಕಾದು ಕಾದು ಹೊರಗ ಬಂದು ನೋಡ್ತಾಳ, ಟಿವಿ ಅಂಗಳದಾಗ ನಿಂತೈತಿ, ಕೊಟ್ರ ಹೊಸ್ತಲದ ಮ್ಯಾಲ ಅಡ್ಡ ಕುಂತಾನ. ಒಳಗ ಯಾಕ ತರವಲ್ಲಿ ಅಂತ ಕೇಳಿದ್ಲು.

"ಗಂಡನ ಹೆಸರು ಹೇಳಿ ಒಳಗ ಬಾ ಅಂದೀನಿ ಬೇ. ಹೇಳವಲ್ದು. ಭಾಳ ನಾಚ್ಕೋತೈತಿ."

ಹಾಲವ್ವಗ ಅಳಬೇಕೋ ನಗಬೇಕೋ ತಿಳೀಲಿಲ್ಲ. ಹೆಸರು ನಾ ಆಮ್ಯಾಲ ಹೇಳಿಸ್ತೀನಿ, ಮೊದಲ ಒಳಗ ತಾ ಅಂತ ಹೇಳಿ ಅಜ್ಜಿನ್ನ ಎಬ್ಬಿಸಿ ಕುಂದ್ರಿಸಾಕ ಒಳಗ ಓಡಿದ್ಲು. ಓಡಿದಾಕಿಗೆ ಹಿಂದ ಲಟಕ್ ಅಂತ ಸಪ್ಪಳ ಕೇಳಿಸ್ತು. ಆಕಿ ಹಿಂದಿಂದನ ಕೊಟ್ರ ಹೊಸ್ತಲದ ಮ್ಯಾಲ ಅಕ್ಕಿ ತುಂಬಿದ ಸೇರು ಇಟ್ಟು, ಟಿವಿನ್ನ ತೂಗಿ ಬಲಗಾಲಿಲೆ ಒದಿಸಿದ್ದ. ಸೇರು ಉರುಳಿತು, ಕಾಲೂ ಉರುಳಿತು.

ಮುರಿದ ಕಾಲಿನ ಕೆಳಗ ಇಟ್ಟಂಗಿ ಕೊಟ್ಟು ಟಿವಿ ನಿಂದ್ರಿಸಿದ್ರು. ಅಜ್ಜಿ ಕಣ್ಣು ತಗದ್ಲು. ಬಾಗಿಲಾ ನೋಡಿದ್ಲು, ಕಿವಿ ನೋಡಿದ್ಲು. ಹಾಲವ್ವ ಉಸುರು ಹಿಡ್ಕೊಂಡು ಗುಂಡಿ ಒತ್ತಿದ್ಲು. ಟಿವಿ ತುಂಬ ಬಿಳಿ ಚುಕ್ಕಿ, ಜೊತಿಗೆ ಸರ್ ಅನ್ನೂ ಸಪ್ಪಳ, ಬ್ಯಾರೇನೂ ಬರಲಿಲ್ಲ. ಅಜ್ಜಿ ಕಣ್ಣು ಮುಚ್ಚಿದ್ಲು. ತಾಟು ಹಂಗ ಒಳಗ ಬಂತು.

ಮರುದಿನ ಮುಂಜಾನೆ ಹಾಲವ್ವ ಮೆಣಸಿನಕಾಯಿ ತೊಟ್ಟು ಬಿಡಸೂ ಕೂಲಿಗೆ ಹೋಗಬೇಕಿತ್ತು, ಹೊತ್ತಾಗಿತ್ತು. ಹೋಗೂಕಿಂತ ಮೊದಲ ಮಗನಿಗೆ ಬೈದ್ಲು. "ಅದು ಸೊಸಿ ಅಲ್ಲಲೇ ಮೂಳ, ಅದು ಮಷೀನು. ದಿನಾ ಗಿರಣ್ಯಾಗ ಮಷೀನು ನೋಡ್ಕೋತಿ ಇಲ್ಲೋ? ಹಂಗ ನೋಡ್ಕೊ."

ಅಷ್ಟನ್ನ ಮೊದಲ ಹೇಳಬಾರದೇನು ಅಂತ ಕೊಟ್ರ ಅಂಗಿ ತೋಳು ಮ್ಯಾಲ ಏರಿಸಿದ. ಗಿರಣಿ ಕೆಲಸದಾಗ ಅವನ್ನ ಮೀರಿಸೋರು ಸುತ್ತೂರಾಗ ಇದ್ದಿಲ್ಲ. ಖಾಲಿ ಗಿರಣಿ ಓಡಿಸಿದ್ರ ಕಲ್ಲು ಹಾಳಾಗತೈತಿ, ಅದು ಮೊದಲನೇ ಪಾಠ. ಟಿವಿ ಹಿಂದ ಮ್ಯಾಲ ಉದ್ದುದ್ದ ಸೀಳು ಇದ್ವು, ಕಾಳು ಹಾಕಾಕ ಸರೀ ಜಾಗಾ. ಒಂದು ಬುಟ್ಟಿ ಜೋಳ ತಂದು ಹುಯ್ದ. ಕಾಳು ಕೆಳಗ ಇಳೀಲಿ ಅಂತ ಕಟ್ಟಿಗಿ ತಗೊಂಡು ಬಾಜೂಕ ಟಪ್ ಟಪ್ ಬಡದ. ಗುಂಡಿ ಒತ್ತಿ ನೋಡ್ತಾನ, ಒಳಗ ಬೆಳ್ಳಗ ಪುಡಿ ಪುಡಿ ಉದುರಾಕತ್ತೈತಿ! ಹಿಟ್ಟು ಚಲೋ ನುಣ್ಣಗ ಬರಾಕತ್ತೈತಿ ಅಂತ ಖುಷಿಯಾಗಿ, ಕೆಳಗ ಡಬ್ಬಿ ಹಿಡ್ಕೊಂಡು ಕುಂತ. ಬಂದೀತು ಬಂದೀತು ಅಂತ ಕುಂತ. ಒಂದು ಚಿಟಿಕಿ ಹಿಟ್ಟು ಬರಲಿಲ್ಲ.

ಹಾಲವ್ವ ಉರಿಯೂ ಕೈ ಊದ್ಕೊಂತ ಮನಿಗೆ ಬಂದಾಗಲೂ ಅವ ಡಬ್ಬಿ ಹಿಡದ ಕುಂತಿದ್ದ. ಒಳಗ ಬೀಸತೈತಿ, ಹೊರಗ ಕೊಡವಲ್ದು, ಇದು ಜಿಪುಣ ಗಿರಣಿ ಬೇ ಅಂದ. ಆಕಿ ಬಂದ ಕಾಲಿಲೆ ಹೊಳ್ಳಿ ಹೋಗಿ ರಿಪೇರಿ ದಾದಾಪೀರನ್ನ ಕರಕೊಂಡು ಬಂದ್ಲು. ದಾದಾಪೀರ ಹಿಂದಿನ ಮುಚ್ಚಳ ಬಿಚ್ಚಿದ್ದ ತಡ, ಜೋಳ ಧಳಧಳ ಅಂತ ಅಂಗಳ ತುಂಬ ಹರೀತು. ಓಣ್ಯಾಗಿನ ಕೋಳಿ ಎಲ್ಲಾ ಓಡಿ ಬಂದ್ವು. ಇಷ್ಟು ವರ್ಷ ರಿಪೇರಿ ಮಾಡೀನಿ ಹಾಲಕ್ಕ, ಇಲಿ ನೋಡೀನಿ, ಹಲ್ಲಿ ನೋಡೀನಿ, ಸುಗ್ಗಿ ನೋಡಿರಲಿಲ್ಲ ಅಂತ ಅವ ಬಿದ್ದು ಬಿದ್ದು ನಕ್ಕ. ನಕ್ಕೊಂತನ ಒರಸಿ, ಊದಿ, ಬಿಟ್ಟಿದ್ದ ಒಂದು ವಾಯರ್ ಬೆಸದು, ಗುಂಡಿ ಒತ್ತಿದ.

ಚಿತ್ರ ಬಂತು. ಬಣ್ಣ ಬಂತು. ಹಸಿರು ಸೀರಿ ಉಟ್ಟಾಕಿ ಒಬ್ಬಾಕಿ ಹಾಡಾಕತ್ತಿದ್ಲು. ಅಜ್ಜಿ ಹೊಳ್ಳಿ ನೋಡಿದ್ಲು. ಹಾಲವ್ವ ಗಡಬಡಿಸಿ ತಾಟು ತಂದು ಮುಂದ ಇಟ್ಲು. ಅಜ್ಜಿ ಕೈ ರೊಟ್ಟಿ ಕಡೆ ಹೋತು, ಒಂದು ಚೂರು ಮುರೀತು, ಬಾಯಿ ತನಕ ಬಂತು. ಅಷ್ಟರಾಗ ಟಿವಿ ಸೊರ್ ಸೊರ್ ಅಂತು, ಹಾಡೂ ಹೆಣ್ಣುಮಗಳು ಮ್ಯಾಲ ಕೆಳಗ ಓಡಿದ್ಲು, ಮಾಯ ಆದ್ಲು. ಅಜ್ಜಿ ರೊಟ್ಟಿ ಚೂರು ತಾಟಿನ್ಯಾಗ ಹಾಕಿದ್ಲು. ಹಳೇ ಸಾಮಾನು, ನಡುನಡುವ ಹಿಂಗ ಮಾಡತೈತಿ, ತಾನ ಸರಿ ಆಗತೈತಿ ಅಂತ ದಾದಾಪೀರ ಧೈರ್ಯ ಹೇಳಿ ಹೋದ.

ಆ ಒಂದು ಚೂರು ಬಾಯಿ ತನಕ ಬಂತಲ್ಲ, ಹಾಲವ್ವಗ ಅಷ್ಟಕ್ಕ ಜೀವ ಬಂದಂಗಾಗಿತ್ತು. ನಾಳೆ ತಿಂತಾಳ, ನಾಳೆ ಖರೇನ ತಿಂತಾಳ ಅನ್ಕೊಂಡ್ಲು. ಮಗನ್ನ ಮುಂದ ಕುಂದ್ರಿಸಿ, ಸಿಟ್ಟು ನುಂಗಿ, ಮೆತ್ತಗ ಹೇಳಿದ್ಲು. "ಹೊಡೀಬ್ಯಾಡ, ಬಡೀಬ್ಯಾಡ, ಕಾಳು ಹಾಕಬ್ಯಾಡ. ಅದಕ್ಕೂ ವಯಸ್ಸಾಗೈತಿ ಕೊಟ್ರ. ಮನ್ಯಾಗ ವಯಸ್ಸಾದವರನ್ನ ಹೆಂಗ ನೋಡ್ಕೋತಾರ, ಹಂಗ ನೋಡ್ಕೊ."

ನೀವು ನಗಾಕತ್ತೀರಿ. ಇನ್ನಾ ಹೇಳೇ ಇಲ್ಲ, ಆಗಲೇ ನಗ್ತೀರಿ.

ಮರುದಿನ ಹಾಲವ್ವ ಕೂಲಿಗೆ ಹೋದ್ಲು. ಕೊಟ್ರ ಟಿವಿ ಮುಂದ ಕುಂತ. ಪಾಪ, ಮುದುಕ ಜೀವ, ಮುಂಜಾನಿಂದ ನಿಂತ ಐತಿ, ಕಾಲು ನೋಯಾಕಿಲ್ಲೇನು ಅಂತ ಅನಿಸ್ತು. ಚಾಪಿ ಹಾಸಿ, ತಲಿದಿಂಬು ಕೊಟ್ಟು, ಮೆಲ್ಲಕ ಮಲಗಿಸಿದ. ನಾಕೂ ಕಾಲಿಗೆ, ಮುರಿದದ್ದಕ್ಕೂ ಸೇರಿಸಿ, ಕೊಬ್ರಿ ಎಣ್ಣಿ ತಿಕ್ಕಿದ. ಗುಂಡಿ ಒತ್ತಿದ್ರ ಮತ್ತ ಸೊರ್ ಸೊರ್ ಅಂತು. ಕೊಟ್ರ ಕಿವಿ ಕೊಟ್ಟು ಕೇಳಿದ. ನೆಗಡಿ! ಮೂಗು ಕಟ್ಟೈತಿ! ಅಜ್ಜಿಗೆ ನೆಗಡಿ ಆದಾಗ ಅವ್ವ ಏನ ಮಾಡ್ತಿದ್ಲು ಅಂತ ನೆನಪು ಮಾಡ್ಕೊಂಡ. ಹಂಡೇದಾಗ ನೀರು ಕಾಸಿದ, ಲಕ್ಕಿ ಗಿಡದ ತಪ್ಪಲ ಹಾಕಿದ, ಕೊತಕೊತ ಕುದಿಯೂ ನೀರು ತಂದು ಟಿವಿ ಹಿಂದ ಇಟ್ಟು, ಮ್ಯಾಲಿಂದ ದಪ್ಪನ ಕೌದಿ ಹೊಚ್ಚಿದ. ಹಬಿ ತಗೋ, ಬಾಯಿ ತಗದು ಉಸುರು ಎಳಕೋ ಅಂತ ಕೌದಿ ಮ್ಯಾಲಿಂದ ಬೆನ್ನು ಸವರಿದ. ಬೆವತರ ಕಡಿಮಿ ಆಗತೈತಿ, ಸ್ವಲ್ಪ ತಡ್ಕೊ ಅಂತ ಸಮಾಧಾನಾನೂ ಮಾಡಿದ.

ಢಬ್ ಅಂತು. ಕೌದಿ ಒಳಗಿಂದ ಹೊಗಿ ಎದ್ದಿತು. ಓಣಿ ಮಂದಿ ಓಡಿ ಬಂದು ಮೇನ್ ಬಂದ್ ಮಾಡಿ ಕೌದಿ ಎಳದು ಒಗದ್ರು. ಪುಣ್ಯಾಕ್ಕ ಯಾರಿಗೂ ಏನೂ ಆಗಲಿಲ್ಲ. ಸುದ್ದಿ ಕೇಳಿ ಹಾಲವ್ವನೂ ಕೂಲಿ ಬಿಟ್ಟು ಓಡಿ ಬಂದ್ಲು. ದಾದಾಪೀರ ಬಂದಾಂವ ಈ ಸಲ ನಗಲಿಲ್ಲ. ಒಳಗಿನ ಟ್ಯೂಬ್ ಒಡದೈತಿ, ಅಂಥಾದ್ದು ಈಗ ಎಲ್ಲೂ ಸಿಗೂದಿಲ್ಲ, ಇದರ ಆಸೆ ಬಿಟ್ಟುಬಿಡಕ್ಕ ಅಂದ.

ಹಾಲವ್ವ ಹೊಸ್ತಲದ ಮ್ಯಾಲ ಕುಸದು ಕುಂತ್ಲು. ಈ ಸಲ ಹಣಿ ಬಡ್ಕೊಳ್ಳಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ಅತ್ಲು. ನಿಮ್ಮಜ್ಜಿ ಹೋದ್ರ ನನಗ ಯಾರದಾರೋ, ನನ್ನ ಹೆಸರು ಹಿಡದು ಕರೆಯಾಕ ಈ ಮನ್ಯಾಗ ಯಾರು ಉಳೀತಾರೋ ಅಂತ ಅತ್ಲು. ಅವ್ವ ಅಳೂದನ್ನ ನೋಡಿ ಕೊಟ್ರನೂ ಅತ್ತ. ಯಾಕ ಅಳಾಕತ್ತೀನಿ ಅನ್ನೂದು ಅವಗ ತಿಳೀಲಿಲ್ಲ, ಆದ್ರ ಜೋರಾಗೇ ಅತ್ತ.

ಕಡೀಕ ಕಣ್ಣು ಒರಸ್ಕೊಂಡು ಹಾಲವ್ವ ಎದ್ಲು. ಡಾಕ್ಟರನ್ನ ಕರಕೊಂಡು ಬಂದು ಸಲಾಯಿನ್ ಆದ್ರೂ ಹಚ್ಚಿಸಬೇಕಂತ ಪಕ್ಕದೂರಿಗೆ ಹೊಂಟ್ಲು. ಹೋಗುವಾಗ ಮಗನ ಕಡೆ ಹೊಳ್ಳಿ ಅಂದ್ಲು.

"ಇನ್ನ ಆ ಡಬ್ಬಿ ಕಡೆ ತಲಿ ಹಾಕಬ್ಯಾಡ. ಆ ಟಿವಿಗೆ ಏನೇನು ಚಾಕರಿ ಮಾಡಬೇಕಂತಿದ್ದೆಲ್ಲ, ಅದನ್ನೆಲ್ಲಾ ನಿಮ್ಮಜ್ಜಿಗೆ ಮಾಡು. ಪುಣ್ಯಾ ಆದ್ರೂ ಬರತೈತಿ."

ಅಂದು ಹೋಗೇ ಬಿಟ್ಲು. ನಿಮಗ ಗೊತ್ತಾತು, ನನಗ ಗೊತ್ತಾತು. ಆ ತಾಯಿಗೆ ಮಾತ್ರ ಸಂಕಟದಾಗ ತಾನು ಏನ ಹೇಳಿದೆ ಅನ್ನೂದು ಗೊತ್ತಾಗಲಿಲ್ಲ.

ಡಾಕ್ಟರ್ ಕಡೆ ಮಂದಿ ಭಾಳ ಇತ್ತು, ನೀ ನಡಿ, ನಾ ಹಿಂದ ಬರ್ತೀನಿ ಅಂದ. ಹಾಲವ್ವ ಬಿಸಲಾಗ ನಡಕೊಂತ ಹೊಳ್ಳಿ ಬಂದ್ಲು. ಓಣಿ ತಿರುವಿನ್ಯಾಗ ಬಂದು ನೋಡ್ತಾಳ, ಮನಿ ಮುಂದ ಮಂದಿ. ಗಂಡಸರು ಅಂಗಳದಾಗ ನಿಂತಾರ, ಹೆಂಗಸರು ಕಟ್ಟಿ ತುಂಬ ಕುಂತಾರ, ಕಿಡಕ್ಯಾಗ ಹುಡುಗರು ಜೋತು ಬಿದ್ದಾರ. ಎಲ್ಲಾರೂ ಗಪ್‌ಚಿಪ್. ಮನಿ ಮುಂದ ಮಂದಿ ಹಂಗ ಸುಮ್ನ ನಿಂತಾರಂದ್ರ ಏನಂತ ಯಾರಿಗೆ ಗೊತ್ತಿಲ್ಲ? ಅತ್ತಿ, ನಾ ಇಲ್ಲದಾಗ ಹೋಗಿಬಿಟ್ಟೆಲ್ಲ ಅಂತ ಹಾಲವ್ವ ಗ್ವಾಡಿ ಹಿಡ್ಕೊಂಡು ನಿಂತ್ಲು.

ಅಷ್ಟರಾಗ ಮಂದಿ ಎಲ್ಲಾ ಹೋ ಅಂತ ನಕ್ಕರು.

ಸತ್ತ ಮನಿ ಮುಂದ ಯಾರು ನಗ್ತಾರ? ಹಾಲವ್ವ ಮಂದಿನ್ನ ದಬ್ಕೊಂಡು ಒಳಗ ನುಗ್ಗಿದ್ಲು.

ಟಿವಿ ಇಡೂ ಮೂಲ್ಯಾಗ ಟಿವಿ ಇಲ್ಲ. ಅಲ್ಲಿ ಅಜ್ಜಿ. ಬೆನ್ನಿಗೆ ಎರಡು ದಿಂಬು ಆನಿಸಿ ಕೊಟ್ರ ಆಕಿನ್ನ ಅಲ್ಲಿ ಕುಂದ್ರಿಸಿದ್ದ. ಮೆತ್ತನ ಬಟ್ಟಿಲೆ ಮುಖ ಒರಸಿ ಥಳಥಳ ಮಾಡಿದ್ದ. ಟಿವಿ ಮ್ಯಾಲ ಹೊಚ್ಚೂ ಕಸೂತಿ ಬಟ್ಟಿ ಆಕಿ ತಲಿ ಮ್ಯಾಲ, ಪ್ಲಾಸ್ಟಿಕ್ ಹೂವಿನ ಕುಂಡ ಆಕಿ ತೊಡಿ ಮ್ಯಾಲ. ತಾನು ಮುಂದ ಚಕ್ಕಳಮಕ್ಕಳ ಹಾಕ್ಕೊಂಡು ಕುಂತು, ಚಾನೆಲ್ ಹುಡುಕಾಕ ಅಜ್ಜಿ ಬಲಗಿವಿ ಹಿಡದು ಮೆಲ್ಲಕ ತಿರುವಿದ್ದ.

ಕಿವಿ ತಿರುವಿದ್ರ ಯಾವ ಅಜ್ಜಿ ಸುಮ್ನಿರ್ತಾಳ್ರಿ? ಯಾವನಲೇ ಅವ, ನನ್ನ ಕಿವಿಗೆ ಕೈ ಹಚ್ಚಿದಾಂವ ಅಂತ ಅಜ್ಜಿ ಗುಡುಗಿದ್ಲು. ಅಷ್ಟು ದಿನ ಬಂದಾಗಿದ್ದ ಬಾಯಿ ತಗೀತು. ದನಿ ಬಂತು ಅಂತ ಕೊಟ್ರ ಕುಣದಾಡಿದ, ಓಣಿ ಮಂದಿನ್ನ ಕೂಗಿ ಕೂಗಿ ಕರದ. ಮಂದಿ ಬಂದು ಕುಂತದ್ದನ್ನ ಅಜ್ಜಿ ನೋಡಿದ್ಲು. ಎದುರಿಗೆ ಬಾಯಿ ತಗದು ಕುಂತ ಮೊಮ್ಮಗನ್ನ ನೋಡಿದ್ಲು. ಏನನಿಸ್ತೋ ಏನೋ, ವಾರ್ತೆ ಓದಾಕ ಶುರು ಮಾಡಿದ್ಲು. ಮಲಗಿದಲ್ಲೇ ಕಿಡಕ್ಯಾಗಿಂದ ಎಲ್ಲಾ ಕೇಳಿಸ್ಕೊಂಡಿದ್ಲಲ್ಲ. ಯಾರ ಕೋಳಿ ಯಾರ ಮನ್ಯಾಗ ಮೊಟ್ಟಿ ಇಡತೈತಿ, ಯಾರು ತಮ್ಮ ಅಂಗಳದ ಕಸ ಬಾಜೂ ಮನಿ ಮುಂದ ದಬ್ತಾರ, ಯಾರ ಅಳಿಯ ಹಬ್ಬಕ್ಕ ಬಂದಾಂವ ಇನ್ನಾ ಹೋಗಿಲ್ಲ, ಒಂದೂ ಬಿಡಲಿಲ್ಲ. ಕೊಟ್ರ ಎಡಗಿವಿ ತಿರುವಿದ್ರ ಬೀಸೂಕಲ್ಲಿನ ಪದ ಹೇಳಿದ್ಲು. ಬಲಗಿವಿ ತಿರುವಿದ್ರ ಮತ್ತ ವಾರ್ತೆ. ಮಂದಿ ಉಸುರು ಬಿಡದ ಕೇಳಾಕತ್ತಿದ್ರು, ತಮ್ಮ ಮನಿ ಸುದ್ದಿ ಬರೂ ತನಕ ನಗಾಕತ್ತಿದ್ರು.

ಹಾಲವ್ವ ಬಾಗಿಲದಾಗ ನಿಂತಾಕಿ ನಿಂತ ಇದ್ಲು. ಕಣ್ಣೀರು ಇಳಿಯಾಕತ್ತಿತ್ತು. ಅಜ್ಜಿ ಆಕಿನ್ನ ಕಂಡು ವಾರ್ತೆ ನಿಂದ್ರಿಸಿದ್ಲು.

"ಹಾಲೂ, ನಿಂತ್ಕೊಂಡು ಏನ ನೋಡ್ತೀ? ಹೊಟ್ಟಿ ಹಸದೈತಿ. ರೊಟ್ಟಿ ಬಡಿ."

ಬಡದ್ಲು ನೋಡ್ರಿ ಹಾಲವ್ವ, ಅತ್ಕೊಂತ ಬಡದ್ಲು, ನಕ್ಕೊಂತ ಬಡದ್ಲು. ಬಿಸಿ ರೊಟ್ಟಿ, ಎಣಗಾಯಿ ಪಲ್ಯ, ಗಟ್ಟಿ ಮೊಸರು. ಅಜ್ಜಿ ಎಲ್ಲಾರ ಮುಂದ ಕುಂತು ತಿಂದ್ಲು. ತಾಟು ಖಾಲಿಯಾಗಿ ಒಳಗ ಬಂತು. ಡಾಕ್ಟರ್ ಪೆಟ್ಟಿಗಿ ಹಿಡ್ಕೊಂಡು ಬಂದಾಂವ ನೋಡಿ, ನನಗ ಇಲ್ಲಿ ಕೆಲಸ ಇಲ್ಲ ಅಂದ. ಅಂದ್ರೂ ಎರಡು ರೊಟ್ಟಿ ತಿಂದ ಹೋದ.

ಹೊಟ್ಟಿ ತುಂಬಿದ ಅಜ್ಜಿಗೆ ಕುಂತಲ್ಲೇ ನಿದ್ದಿ ಹತ್ತಿತು. ಮಂದಿ ಎದ್ದು ಹೋದ್ರು. ಕೊಟ್ರ ಒಬ್ಬ ಮುಂದ ಕುಂತಿದ್ದ. ಕಣ್ಣು ಮುಚ್ಚಿ, ಬಾಯಿ ತಗದು, ಅಜ್ಜಿ ಗೊರ್ ಗೊರ್ ಅನ್ನಾಕತ್ತಿದ್ಲು. ಚಿತ್ರ ಹೋತು, ಬರೇ ಸಪ್ಪಳ ಉಳೀತು ಅನ್ಕೊಂಡ ಕೊಟ್ರ. ಸಪ್ಪಳ ಬಂದು ಚಿತ್ರ ಬರದಿದ್ರ ಏನ ಮಾಡಬೇಕನ್ನೂದು ಹಳೇ ಟಿವಿ ಇದ್ದ ಮನ್ಯಾಗ ಸಣ್ಣ ಕೂಸಿಗೂ ಗೊತ್ತಿತ್ತು. ಜಿಗದು ಮಾಳಿಗಿ ಏರಿದ. ಅಲ್ಲಿದ್ದ ಆಂಟೆನಾ ಕಂಬ ಹಿಡದು ಮೆಲ್ಲಕ ತಿರುವಿ, ಕೆಳಗ ಕೂಗಿದ.

"ಬಂತಾ ಬೇ?"

ಹಾಲವ್ವ ಒಳಗ ಅತ್ತಿ ಮುಖಾ ನೋಡ್ಕೊಂತ ಕುಂತಿದ್ಲು. ಎಷ್ಟೋ ದಿನದ ಮ್ಯಾಲ ಆ ಮುಖದಾಗ ಒಂದೀಟು ರಕ್ತ ಕಂಡಿತ್ತು. ಮಗ ಏನ ಕೇಳಾಕತ್ತಾನ ಅನ್ನೂದು ಆಕಿಗೆ ತಿಳೀತು, ಬೈಬೇಕು ಅನಿಸಲಿಲ್ಲ. ಅವನ ಕೂಗಿಗೆ ಅತ್ತಿಗೆ ಎಚ್ಚರಾದೀತು ಅಂತ ಅಷ್ಟ ಹೆದರಿ, ಅಂಗಳಕ್ಕ ಬಂದು ಸಣ್ಣ ದನಿಲೆ ಹೇಳಿದ್ಲು.

"ಬಂತಪಾ, ಚಲೋ ಬಂತು. ಹಂಗ ಇರು, ಅಲುಗಾಡಬ್ಯಾಡ."

ಹೇಳಿ ಒಳಗ ಹೋದಾಕಿ ಅತ್ತಿ ಬಾಜೂಕ ಹಂಗ ಅಡ್ಡಾದ್ಲು, ಆಕಿಗೂ ನಿದ್ದಿ ಬಂತು. ಬರದ ಏನ ಮಾಡೀತು, ಎಷ್ಟು ದಿನದ ದಣಿವು.

ದನ ಮನಿಗೆ ಬರೂ ಹೊತ್ತಿಗೆ ಅಜ್ಜಿ ಎದ್ಲು. ಎದ್ದಾಕಿ ಮೊದಲ ಕೇಳಿದ್ದು ಮೊಮ್ಮಗನ್ನ. ಹಾಲವ್ವ ಹೊರಗ ಬಂದು ನೋಡ್ತಾಳ, ಮಾಳಿಗಿ ಮ್ಯಾಲ ಕೊಟ್ರ ಕಂಬ ಹಿಡ್ಕೊಂಡು ಒಂಟಿಗಾಲಿಲೆ ನಿಂತಾನ. ಆಕಿ ಹೇಳಿದ ಹೊತ್ತಿಗೆ ಒಂದು ಕಾಲು ಎತ್ತಿದ್ದನಂತ, ಅದು ಹಂಗ ಮ್ಯಾಲ ಐತಿ. ತಲಿ ಮ್ಯಾಲ ಒಂದು ಕಾಗಿ ಕುಂತೈತಿ. ಇಳದು ಬಾರೋ ಅಂದ್ಲು. ಇಳದ್ರ ಅಜ್ಜಿ ಹೋಗ್ತಾಳ ಅಂತ ತುಟಿ ಅಲುಗಾಡಿಸದ ಅಂದ. ಬೇಡಿಕೊಂಡ್ಲು, ಬೈದ್ಲು, ಕಟ್ಟಿಗಿ ತೋರಿಸಿದ್ಲು. ಇಳೀಲಿಲ್ಲ.

ಆಗ ಒಳಗಿಂದ ಸಿದ್ದವ್ವಜ್ಜಿ ಗ್ವಾಡಿ ಹಿಡ್ಕೊಂಡು ಒಂದೊಂದ ಹೆಜ್ಜಿ ಇಡ್ಕೊಂತ ಬಂದ್ಲು. ಏಳಲಾರದ ಮಲಗಿದಾಕಿ ತಾನಾಗೇ ಅಂಗಳಕ್ಕ ಬಂದು, ಹಣಿಗೆ ಕೈ ಅಡ್ಡ ಹಿಡದು, ತಲಿ ಎತ್ತಿ ನೋಡಿದ್ಲು.

"ಏ ಕೊಟ್ರ, ಇವತ್ತಿನ ಕಾರ್ಯಕ್ರಮ ಮುಗೀತು. ಇಳಿ."

ಕೊಟ್ರ ಕಾಲು ಇಳಿಸಿದ, ಕಂಬ ಬಿಟ್ಟ. ಕಾಗಿ ಹಾರಿ ಹೋತು. ಮತ್ತ ನಾಳೆ ಎಷ್ಟೊತ್ತಿಗೆ ಅಜ್ಜಿ ಅಂತ ಮಾಳಿಗಿ ತುದಿಗೆ ಬಂದು ಬಗ್ಗಿ ಕೇಳಿದ.

"ರೊಟ್ಟಿ ತಿಂದ ಮ್ಯಾಲ," ಅಂದ್ಲು ಅಜ್ಜಿ.

ಹಾಲವ್ವ ಕಟ್ಟಿಗಿ ಒಗದು, ನಾಳಿಗೆ ಹಿಟ್ಟು ಐತೋ ಇಲ್ಲೋ ಅಂತ ನೋಡಾಕ ಒಳಗ ಹೋದ್ಲು.